ಉದ್ರಿ ಪುಸ್ತಕ

ಮೇಗರವಳ್ಳಿಯ ತಿರುವಿನಲ್ಲಿ ನನ್ನ ಅಂಗಡಿ.
ಬಸ್ಸಿನವರು ಹಾರನ್ ಹೊಡೆಯುತ್ತಾರೆ,
ನಿಲ್ಲಿಸಿದರೆ ನಿಲ್ಲಿಸಿದರು, ಇಲ್ಲದಿದ್ದರೆ ಇಲ್ಲ.
ಗಲ್ಲಾಪೆಟ್ಟಿಗೆಗೆ ನೂಲಿನಲ್ಲಿ ಕಟ್ಟಿದ ಪೆನ್ನು,
ಪಕ್ಕದಲ್ಲಿ ಉದ್ದನೆಯ ಉದ್ರಿ ಪುಸ್ತಕ.

ಆ ವರ್ಷ ಕಾಡಿನಲ್ಲಿ ಬಂದೂಕಿನವರಿದ್ದರು.
ಇದ್ದಾರೆಂದು ಪೇಪರು ಹೇಳುತ್ತಿತ್ತು;
ನಾಯಿಗಳೂ ಹೇಳುತ್ತಿದ್ದವು, ರಾತ್ರಿ ಎರಡರ ಹೊತ್ತಿಗೆ,
ಒಂದೇ ದಿಕ್ಕಿಗೆ ಮುಖ ಮಾಡಿ.

ಠಾಣೆಯಿಂದ ಬಂದವರು ಜೋರು ಮಾಡಲಿಲ್ಲ.
ಸಬ್ ಇನ್ಸ್‌ಪೆಕ್ಟರು ಸೋಡಾ ಕುಡಿದರು, ದುಡ್ಡು ಕೊಟ್ಟರು,
ಚಿಲ್ಲರೆ ಎಣಿಸಿ ತೆಗೆದುಕೊಂಡರು.
“ಕಿಣಿಯವರೇ, ಒಂದು ರಾತ್ರಿಯ ಮಟ್ಟಿಗೆ ಪುಸ್ತಕ ಕೊಡಿ.
ಯಾರ ಮನೆಯಲ್ಲಿ ಎಷ್ಟು ಬಾಯಿ, ನಮಗೆ ಗೊತ್ತು.
ಯಾರು ಎಷ್ಟು ಅಕ್ಕಿ ಒಯ್ದರು, ನಿಮಗೆ ಗೊತ್ತು.
ಕಳೆದರೆ ಸಿಕ್ಕಿಬಿಡುತ್ತದೆ, ಅಲ್ವಾ?”

ಕೊಟ್ಟೆ.
ಹೆದರಿ ಕೊಟ್ಟೆನೇ? ದೇಶ ಅಂತ ಕೊಟ್ಟೆನೇ?
ಎರಡೂ ಇರಬೇಕು. ಸೋಡಾದ ದುಡ್ಡು ಕೊಟ್ಟರಲ್ಲ,
ಆ ಮರ್ಯಾದೆಗೂ ಇರಬಹುದು.

ಹಾಸಿಗೆಗೆ ಬಿದ್ದ ಮೇಲೆ ನೆನಪಾಯಿತು ಅದರಲ್ಲಿ ಏನೇನಿದೆ ಅಂತ.
ಮೇಷ್ಟ್ರೊಬ್ಬರು ಕೆಮ್ಮಿನ ಔಷಧ ಎಂದು ಬರೆಸುವ ಬಾಟಲಿ.
ಪೇಪರಿನಲ್ಲಿ ಸುತ್ತಿ ಕೊಡುವಂಥವು, ಹೆಸರಿಲ್ಲದೆ ಬರೀ ಚುಕ್ಕಿ.
ತೀರಿಹೋದ ಗಂಡನ ಲೆಕ್ಕದಲ್ಲೇ
ಈಗಲೂ ಬೀಡಿಕಟ್ಟು ಒಯ್ಯುವ ಹೆಂಗಸು.
ಸೇದುವುದು ಅವಳೇ. ನನಗೆ ಗೊತ್ತು.
ನನಗೆ ಗೊತ್ತೆಂದು ಅವಳಿಗೂ ಗೊತ್ತು.
ಅಂಗಡಿ ಅಂದರೆ ಅಷ್ಟೇ,
ಗೊತ್ತಿದ್ದೂ ಪೊಟ್ಟಣ ಕಟ್ಟುವುದು.

ಬೆಳಿಗ್ಗೆ ಪುಸ್ತಕ ವಾಪಸ್ ಬಂತು.
ಎರಡು ಕಡೆ ಕೆಂಪು ಪೆನ್ಸಿಲಿನ ಗೆರೆ.

ಒಂದು ಗೆರೆ: ಟಾರ್ಚ್ ಸೆಲ್ಲು, ಡಜನ್.
ಯಾರ ಹೆಸರಿಗೆ ಎಂದು ಇಲ್ಲಿ ಹೇಳುವುದಿಲ್ಲ.
ಜಾಡು ಹಿಡಿದು ಹೋದವರು
ಶಾಲೆ ದಾರಿಯ ಮೋರಿಯಡಿಯಿಂದ ಒಂದು ಡಬ್ಬಿ ತೆಗೆದರು.
ವೈರು ಇತ್ತಂತೆ. ಹಿಂದಿನ ಸಂಜೆ ಮಕ್ಕಳು
ಅದೇ ಮೋರಿಯ ಮೇಲೆ ಕೂತು ನೆಲ್ಲಿಕಾಯಿ ತಿಂದಿದ್ದವು.
ನನ್ನ ಮಗಳೂ.

ಇನ್ನೊಂದು ಗೆರೆ ದುಗ್ಗಮ್ಮನದು.
ಅವಳ ಹೆಸರು ಮುಚ್ಚಿಟ್ಟು ಇನ್ನೇನೂ ಉಳಿಯುವುದಿಲ್ಲ.
ಪ್ರತಿ ಗುರುವಾರ ಮೂರು ಕೇಜಿ ಅಕ್ಕಿ ಹೆಚ್ಚು.
ಜೀಪು ಅಂಗಳಕ್ಕೆ ಹೋಯಿತು; ಅಟ್ಟದ ಮೇಲೆ ಸಿಕ್ಕಿದ್ದು
ಬಂದೂಕಲ್ಲ, ಗಂಡನ ಮನೆಯಿಂದ ಓಡಿಬಂದ ಮಗಳು,
ತೋಳಿನ ತುಂಬ ಸುಟ್ಟ ಕಲೆ.
ಪೊಲೀಸರು ಪಾಪ ಅಂದರು, ಹೋದರು.
ಜೀಪಿನ ಹಿಂದೆಯೇ ಊರು ಬಂದಿತ್ತು.
ಸುದ್ದಿ ತೀರ್ಥಹಳ್ಳಿ ದಾಟಿತು.
ಭಾನುವಾರ ಗಂಡ ಬಂದ, ನಾಲ್ಕು ಜನ ಕಟ್ಟಿಕೊಂಡು.
ಆಮೇಲಿನ ಗುರುವಾರ ಮೂರು ಕೇಜಿ ಕಮ್ಮಿ.
ಪುಸ್ತಕದಲ್ಲಿ ಅದೂ ಇದೆ.

ತಕ್ಕಡಿ ಹಿಡಿದೇ ನನ್ನ ಕೈ ಸವೆದಿದೆ.
ಈ ತಟ್ಟೆಗೆ ನನ್ನ ಮಗಳನ್ನಿಟ್ಟರೆ
ಆ ತಟ್ಟೆಯಲ್ಲೂ ಮಗಳೇ.

ಈಗ ಪುಸ್ತಕ ಕೇಳಿಕೊಂಡು ಯಾರೂ ಬರುವುದಿಲ್ಲ.
ಗಲ್ಲಾದ ಮೇಲೆ ಪುಟ್ಟದೊಂದು ಡಬ್ಬಿ ಕೂತು
‘ಎಂಬತ್ತು ರೂಪಾಯಿ ಬಂದಿದೆ’ ಎಂದು ರಸ್ತೆಗೆಲ್ಲ ಕೂಗುತ್ತದೆ.
ಯಾರದ್ದು, ಎಷ್ಟು ಹೊತ್ತಿಗೆ, ಯಾವ ತಿರುವಿನಲ್ಲಿ,
ಎಲ್ಲವೂ ಎಲ್ಲೋ ಬರೆದಾಗುತ್ತದಂತೆ.
ಅಲ್ಲಿ ಯಾರಾದರೂ ಕೆಂಪು ಗೆರೆ ಎಳೆದರೆ
ಬೆಳಿಗ್ಗೆ ನನ್ನ ಕೈಗೆ ವಾಪಸ್ ಬರುವ ಪುಸ್ತಕವಲ್ಲ ಅದು.
ಸೋಡಾ ಕುಡಿಯಲೂ ಯಾರೂ ಬರುವುದಿಲ್ಲ.

ದುಗ್ಗಮ್ಮ ಬರುತ್ತಾಳೆ. ಸೆರಗಿನ ಗಂಟು ಬಿಚ್ಚಿ
ನಾಣ್ಯ ಎಣಿಸಿಡುತ್ತಾಳೆ. ಎರಡು ರೂಪಾಯಿ ಕಡಿಮೆ.
“ಬರ್ಕಳ್ಲಾ?” ಅನ್ನುತ್ತೇನೆ, ಹಳೆಯ ಅಭ್ಯಾಸ.
ನೂಲಿನ ತುದಿಯ ಪೆನ್ನನ್ನೊಮ್ಮೆ ನೋಡಿ
ಪೊಟ್ಟಣ ಬಿಚ್ಚಿ, ಒಂದು ತುಂಡು ಬೆಲ್ಲ ಗಲ್ಲಾದ ಮೇಲಿಟ್ಟು
ಹೋಗುತ್ತಾಳೆ.