ಮೂರು ಕಿಲೋ ಉಣ್ಣೆ

ಉಣ್ಣೆಯದೇನೂ ತರಬೇಡ ಅಂದಳು ಒತಿಲಿಯಾ ಫೋನಿನಲ್ಲಿ.
ಆಮೇಲೆ ಕೊಂಚ ತಡೆದು,
ನನಗೊಂದು ಮೂರು ಕಿಲೋ ಉಣ್ಣೆ ತಾ,
ಬೂದಿ ಬಣ್ಣದ್ದು, ಅಂದಳು.

ಹೊರಗೆ ಜನವರಿ. ನಮ್ಮ ಉಶುವಾಯಾದ ನಡುಬೇಸಿಗೆ:
ಗುಡ್ಡದ ನೆತ್ತಿಗೆ ನಿನ್ನೆಯ ಹಿಮ,
ಒಲೆಯಲ್ಲಿ ಲೆಂಗಾ ಕೊರಡು,
ರಾತ್ರಿ ಹನ್ನೊಂದಾದರೂ ಹೊರಡಲೊಲ್ಲದ ನೆಂಟನ ಹಾಗೆ
ಬಾಗಿಲಲ್ಲೇ ನಿಂತ ಬೆಳಕು.
ಮಂಚದ ಮೇಲೆ ಬಾಯಿ ತೆರೆದ ಪೆಟ್ಟಿಗೆ.
ಅದಕ್ಕೆ ಏನು ತಿನ್ನಿಸಲಿ?

ಐವತ್ತೇಳು ವರ್ಷದ ನನ್ನ ಬೀರುವಿನಲ್ಲಿ
ಸೆಖೆಗೆಂದು ಹೊಲಿಸಿದ್ದು ಒಂದೆಳೆಯೂ ಇಲ್ಲ.
ಇರುವುದೆಲ್ಲ ದಪ್ಪ, ಇರುವುದೆಲ್ಲ ಉದ್ದ ತೋಳು,
ಇರುವುದಕ್ಕೆಲ್ಲ ಏಡಿ ನಾತ.

ಕೇಳಿಲ್ಲಿ, ಅನ್ನುತ್ತಾಳೆ ಅವಳು:
ಬ್ಯೂನಸ್ ಐರಿಸ್‌ನಲ್ಲಿ ಗಾಳಿ ಬೀಸಲ್ಲ, ಮೈಗೆ ಅಂಟುತ್ತೆ.
ಸ್ನಾನ ಮಾಡಿ ಒರೆಸಿಕೊಳ್ಳುವಷ್ಟರಲ್ಲಿ
ಮತ್ತೊಂದು ಸ್ನಾನ ಆಗಿರುತ್ತೆ.
ದಿನಕ್ಕೆರಡು ಅಂಗಿ ಲೆಕ್ಕ ಹಿಡಿ. ರಾತ್ರಿ ಒಗೆದು ಹಿಂಡಿ ಹರವು,
ಬೆಳಗಾದರೂ ಕಾಲರು ಹಸಿಯೇ. ಹಾಕಿಕೋ, ತಂಪು.
ನೈಲಾನ್ ಬೇಡ. ಕಪ್ಪು ಬೇಡ.
ಬಾಯಿಬಿಟ್ಟು ಹೇಳಬಾರದು, ಆದರೂ ಹೇಳ್ತೀನಿ,
ತೊಡೆಸಂದಿಗೆ ಪೌಡರು ಹಾಕಿಕೋ,
ಇಲ್ಲದಿದ್ದರೆ ಮೂರನೇ ದಿನಕ್ಕೆ ಬಾತುಕೋಳಿ ನಡಿಗೆ.

ಸೊಳ್ಳೆಗೆ ಮುಲಾಮು ಕೇಳಿದ್ದಕ್ಕೆ
ಔಷಧಿ ಅಂಗಡಿಯ ಹುಡುಗಿ
ಕಪಾಟಿನ ತಳದಿಂದ ತೆಗೆದು, ಧೂಳು ಊದಿ ಕೊಟ್ಟಳು.
ವಾಯಿದೆ ಮುಗಿದು ಎರಡು ವರ್ಷ.
ಏನು ಮಾಡೋದು, ಸೊಳ್ಳೆಗೂ ಇಲ್ಲಿ ಚಳಿ, ಅಂದಳು.

ಪಕ್ಕದ ಮನೆಯ ಸುನಿಲ್ದಾ ತನ್ನ ಮಗಳ ಅಂಗಿ ತಂದಳು.
ನಿಂಬೆ ಬಣ್ಣ, ಹತ್ತಿ, ತೋಳಿಲ್ಲ.
ತೊಟ್ಟು ಕನ್ನಡಿ ಮುಂದೆ ನಿಂತೆ.
ನನ್ನ ತೋಳಿನ ಗುರುತು ನನಗೇ ಸಿಗಲಿಲ್ಲ:
ಮೆತ್ತಗೆ, ಬೆಳ್ಳಗೆ,
ನೆಲಮಾಳಿಗೆಯ ಆಲೂಗಡ್ಡೆಗೆ ಬಂದ ಮೊಳಕೆಯ ಹಾಗೆ.
ಮತ್ತೆ ಎಡ ಮೊಣಕೈಯ ಮೇಲೆ, ಅದು.
ಏಡಿ ಬೇಯಿಸುವ ತೊಟ್ಟಿ ವಾಲಿದ ದಿನದ್ದು,
ಸುಕ್ಕುಗಟ್ಟಿದ ಹಾಲಿನ ಕೆನೆ.
ಆ ದಿನ ಪಕ್ಕದಲ್ಲಿದ್ದವಳು ಒತಿಲಿಯಾ.
ಅವಳ ಬಲಗೈಗೂ ಅಷ್ಟೇ ಅಗಲ.
ಮೇಸ್ತ್ರಿ ಇಬ್ಬರಿಗೂ ಸೇರಿಸಿ ಒಂದೇ ಟ್ಯೂಬು ಕೊಟ್ಟಿದ್ದ.

ಫೋನು ಹಚ್ಚಿ ಕೇಳಿದೆ: ಅಲ್ಲಿ ನೀನು ತೋಳು ಮುಚ್ಚಿಕೊಳ್ತೀಯಾ?
ನಕ್ಕಳು. ಮೊದಲ ಬೇಸಿಗೆ ಮುಚ್ಚಿಕೊಂಡೆ ಕಣೇ,
ಬೆವರುಸಾಲೆ ಎದ್ದು ಮೈಯೆಲ್ಲ ಜರಡಿ.
ಎರಡನೇ ಬೇಸಿಗೆ ಬಿಟ್ಟೆ.
ಬಸ್ಸಿನಲ್ಲಿ ಒಂದು ಮಗು ಬೆರಳಿಟ್ಟು ನೋಡಿತು. ಅಷ್ಟೇ.
ಈ ಸೆಖೆಯಲ್ಲಿ ಇನ್ನೊಬ್ಬರ ಮೈ ನೋಡೋಕೆ
ಯಾರಿಗಿದೆ ಪುರುಸೊತ್ತು?

ಮತ್ತೆ ಉಣ್ಣೆ ಯಾಕೆ? ಮಾರುವುದಕ್ಕಾ?
ಈ ಊರಲ್ಲಿ ಯಾರು ಕೊಳ್ತಾರೆ, ಅಂದಳು.
ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತು ಏನಾದರೂ ಹೆಣೆಯಬೇಕು.
ಕೈ ಸುಮ್ಮನಿದ್ದರೆ
ಇನ್ನೂ ಏಡಿ ಎಣಿಸುತ್ತೆ.

ಹೀಗಾಗಿ ಪೆಟ್ಟಿಗೆಯ ಮುಕ್ಕಾಲು ಉಣ್ಣೆ.
ಉಳಿದ ಮೂಲೆಯಲ್ಲಿ ಹತ್ತಿ ಅಂಗಿ ಮೂರು, ಮೂರೂ ಎರವಲು,
ಪೌಡರು ಡಬ್ಬಿ,
ಬೆವರಿಗೆಂದು ಗಂಡನ ದೊಡ್ಡ ಕರವಸ್ತ್ರಗಳು
(ಅವನಿದ್ದಿದ್ದರೆ ಎಣಿಸಿ ಕೊಡುತ್ತಿದ್ದ),
ಮಾಟೆ ಹೀರುವ ಬುರುಡೆ. ಅಲ್ಲಿ ಬಿಸಿ ಕುಡಿಯಲಾಗದಂತೆ. ಇರಲಿ.
ಚಪ್ಪಲಿ ಇಲ್ಲ. ಈ ಕಾಲು ಬೂಟಿನಾಚೆ ಏನನ್ನೂ ಕಂಡಿಲ್ಲ.
ಸುನಿಲ್ದಾ ಮೇಲೆ ಕೂತಳು, ನಾನು ಜಿಪ್ಪು ಎಳೆದೆ.

ಇನ್ನು ಈ ಕೋಟಿನದೇ ತಕರಾರು.
ಇಲ್ಲಿಂದ ವಿಮಾನದ ತನಕ ಇದಿಲ್ಲದೆ ಆಗದು,
ಅಲ್ಲಿ ಇಳಿದ ಮೇಲೆ ಇದರಿಂದ ಏನೂ ಆಗದು.
ಎತ್ತಿಕೊಳ್ಳುವ ವಯಸ್ಸು ದಾಟಿದ ಮಗುವನ್ನು
ಎತ್ತಿಕೊಂಡ ಹಾಗೆ, ನಗರದ ತುಂಬ.

ಬೆಳಗಿನ ಜಾವ ಟ್ಯಾಕ್ಸಿ. ಪುಡಿ ಪುಡಿ ಹಿಮ.
ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡೆ.
ಒಳಗೆ ನಿಂಬೆ ಬಣ್ಣದ ಅಂಗಿ, ಯಾರಿಗೂ ಗೊತ್ತಿಲ್ಲ.
ಡ್ರೈವರ್ ಪೆಟ್ಟಿಗೆ ಎತ್ತಿ, ಇಷ್ಟು ದೊಡ್ಡದು ಇಷ್ಟು ಹಗುರವೇ, ಅಂದ.
ಉಣ್ಣೆ, ಅಂದೆ.
ಯಾವ ಊರಿಗೆ ಎಂದು ಕೇಳಿದವನು
ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನನ್ನೇ ನೋಡಿದ.