ಒಂದು ಸೊನ್ನಿ ಕಡಿಮಿ

ಬೆಟಗೇರಿಯ ನಮ್ಮ ಪ್ರೆಸ್ಸಿಗೆ ಅವ ಮೊದಲ ಸಲ ಬಂದಾಗ
ಸೈಕಲ್ಲಿಗೆ ಸ್ಟ್ಯಾಂಡ್ ಇರಲಿಲ್ಲ, ಗ್ವಾಡಿಗೆ ಆನಿಸಿದ.
'ಐದು ಸಾವಿರ ಕರಪತ್ರ, ದಾವಲಸಾಬ.
ರೊಕ್ಕ ಮಾತ್ರ ಎಣಿಕಿ ಮುಗದ ಮ್ಯಾಲೆ.'
ನೋಟ್‌ಬುಕ್ಕಿನ ಹಾಳ್ಯಾಗ ಹತ್ತು ಬೇಡಿಕಿ, ಎಂಟು ಕಾಗುಣಿತದ ತಪ್ಪು.
ಹೆಸರು: ಫಕೀರಗೌಡ ಅಸುಂಡಿ.
ಗುರುತು: ಹೊಲಿಗಿ ಮಷೀನು.

ತಪ್ಪು ತಿದ್ದಿದೆ. ಬೇಡಿಕಿ ಹಂಗ ಬಿಟ್ಟೆ.
ನಾಕನೇದು ನನಗ ಬಾಯಿಪಾಠ:
'ಮ್ಯಾಲಿನ ಓಣಿಗೆ ದಿನಾ ಒಂದು ತಾಸು ನಳದ ನೀರು.'
ಆ ಮ್ಯಾಲಿನ ಓಣ್ಯಾಗ ನಮ್ಮನಿ.

ಠೇವಣಿ ಹೋತು.
ಮರುದಿನ ಬಂದು ಸೈಕಲ್ ಕೀಲಿ ಕಲ್ಲಿನ ಮ್ಯಾಲಿಟ್ಟು
ನಡಕೋತ ಹ್ವಾದ. ಬೆನ್ನು ನೆಟ್ಟಗಿತ್ತು.
ಆ ಸೈಕಲ್ ನನ್ನ ಮಗ ಸಾಲಿ ಮುಗಿಯೋ ಮಟ ತುಳದ.

ಎರಡನೇ ಸಲ ಟಿಕೀಟು ಇತ್ತು, ಜೀಪು ಇತ್ತು,
ಹುಬ್ಬಳ್ಳ್ಯಾಗ ಮಾಡಿಸಿದ ಮಾರಿಯ ಬ್ಲಾಕು ಇತ್ತು,
ಮೀಸಿ ಕಡೆ ಮಸಿ ಸ್ವಲ್ಪ ಜಾಸ್ತಿ ಹಿಡೀತಿತ್ತು.
'ಐವತ್ತು ಸಾವಿರ ಹೊಡಿ,' ಅಂದ,
'ಕೆಳಗ ಐದು ಸಾವಿರ ಅಂತ ಹಾಕು. ಖರ್ಚಿನ ಲೆಕ್ಕ ಕೇಳ್ತಾರ.'
ಹಾಕಿದೆ.
ಪ್ರೆಸ್ಸಿನ ಹೆಸರಿನ ಬಾಜೂಕ, ಇರವಿಯಂಥ ಅಕ್ಷರದಾಗ.
ಟ್ರೆಡಲ್ ತುಳದು ತುಳದು ಕಾಲು ಬಾತವು.
ಉಳಿಸಿಕೊಂಡ ಆ ಒಂದು ಸೊನ್ನಿ
ಖಾನಿಯೊಳಗ ಹೊಳ್ಳಿ ಹಾಕುವಾಗ
ಬೆರಳಿಗೆ ಅಂಟಿಕೊಂಡು ಬಿಡವೊಲ್ಲದು.

ಗೆದ್ದ. ಇನ್ನೂರಾ ಹನ್ನೆರಡು ಓಟು.
ಟಾಂಗಾ ಕೂಟದಿಂದ ಗುಲಾಲು ಹಾರಿ
ನನ್ನ ಅಚ್ಚುಮೊಳಿ ಖಾನಿ ಎಲ್ಲಾ ಕೆಂಪಗ.
ಅವತ್ತಿನಿಂದ ಹೆಸರಿನ ಮುಂದ 'ಮಾನ್ಯ' ಕೂಡಸಬೇಕಾತು.
ಲಗ್ನಪತ್ರಿಕಿ, ಉದ್ಘಾಟನಿ, ಕುಸ್ತಿ, ಕಣ್ಣಿನ ತಪಾಸಣಿ,
ಎಲ್ಲಾದರೊಳಗೂ ಅದ 'ಮಾ'.
ಸೀಸದ ಆ ಮೊಳಿ ನೆತ್ತಿ ಸವದು ಬೋಳಾತು.

ಮೂರನೇ ಸಲ ರಾತ್ರಿ ಹನ್ನೊಂದಕ್ಕ ಬಂದ,
ಬಾಗಿಲ ತಾನ ಮುಚ್ಚಿದ.
'ಗುರುತು ಬದಲಿ ಮಾಡು. ಉಳದದ್ದು ಅದ ಇರಲಿ.'
ಹಳೇ ಮ್ಯಾಟರು ದಾರ ಕಟ್ಟಿ ಇಟ್ಟಿದ್ದೆ,
ಬಿಚ್ಚಿ, ಒಂದು ಕಿತ್ತಿ, ಒಂದು ಕೂಡಿಸಿದೆ.
ಹತ್ತು ನಿಮಿಷದ ಕೆಲಸ.
ಮೊದಲ 'ಬೇಡಿಕೆಗಳು' ಅಂತಿದ್ದ ತಲಿಬರಹ
ಹಿಂದಿನ ಸಲ 'ಭರವಸೆಗಳು' ಆಗಿತ್ತು,
ಈಗ 'ಸಾಧನೆಗಳು'.
ನಾಕನೇದು ನಾಕನೇದರಾಗ ಇತ್ತು.
ನಮ್ಮನಿ ನಳಕ್ಕ ಆಗ ಎಂಟು ದಿನಕ್ಕೊಮ್ಮೆ.
ನಾನೂ ಏನೂ ಅನಲಿಲ್ಲ. ಬಾಕಿ ಬರೋದಿತ್ತು.

ಆಮ್ಯಾಲೆ ಫ್ಲೆಕ್ಸ್ ಬಂತು.
ಮುಳಗುಂದ ನಾಕಾದಾಗ ನಲವತ್ತು ಫೂಟಿನ ಫಕೀರಗೌಡ,
ಕುದಿಸಿದ ತತ್ತಿಯಂಥ ಗಲ್ಲ, ಒಂದು ನೆರಿಗಿ ಇಲ್ಲ,
ಕೈ ಮುಗದ ಬೆರಳಾಗ ನಾಕು ಉಂಗುರ.
ಎಷ್ಟು ಪ್ರತಿ ಅಂತ ಕೆಳಗ ಹುಡುಕಿದೆ, ಚಟ ನೋಡ್ರಿ.
ಗಾಳಿಗೆ ಒಂದು ಮೂಲಿ ಹರದು
ಇಡೀ ಮಾರಿ ಫಟ್ ಫಟ್ ಅಂತಿತ್ತು.
ಎರಡು ಎಲೆಕ್ಷನ್ ನನ್ನ ಕಡೆ ಬರಲೇ ಇಲ್ಲ.
ಒಂದು ಗೆದ್ದ. ಒಂದು ಸೋತ,
ತನ್ನ ಜೀಪ್ ಹೊಡೀತಿದ್ದ ಹುಡುಗನ ಕೈಲೆ.

ಹ್ವಾದ ವಾರ ಬಂದಿದ್ದ. ನಡಕೋತ.
'ಲೆಟರ್‌ಹೆಡ್ಡು ಬೇಕು. ನೂರು ಸಾಕು.'
'ಕಂಪ್ಯೂಟರಿನವರ ಕಡೆ ಚಂದ ಆಗ್ತದಲ್ರಿ?'
'ನೀನ ಮಾಡು. ಮೊಳಿ ಊರಿದ ಅಕ್ಷರ ಕೈಗೆ ಹತ್ತತಾವ.'

ಖಾನಿ ಜಗ್ಗಿದೆ. 'ಮಾನ್ಯ' ಇನ್ನೂ ಜೋಡಿಸಿದಂಗ ಇತ್ತು.
'ನ್ಯ' ತಗದು 'ಜಿ' ಇಟ್ಟೆ.
'ಮಾ' ಅದ, ಬೋಳು ನೆತ್ತೀದು.
ಅವ ನನ್ನ ಚಿಮಟಿಗೆಯನ್ನ ನೋಡಿಕೋತ ನಿಂತಿದ್ದ,
'ಅದನ್ನ ಸ್ವಲ್ಪ ಸಣ್ಣದ ಕೂಡಸು' ಅಂದ.
ರೊಕ್ಕ ಮುಂಗಡ ಕೊಟ್ಟ. ಇಷ್ಟು ವರ್ಷದಾಗ ಮೊದಲನೇ ಸಲ.

ನೀರು ಕೇಳಿದ.
ನನ್ನಾಕಿ ಮನಿಯಿಂದ ಕಟ್ಟಿ ಕೊಟ್ಟಿದ್ದ ತಂಬಿಗಿ,
ಹದಿಮೂರನೇ ದಿನದ ನೀರು, ಅರಿವ್ಯಾಗ ಸೋಸಿದ್ದು.
ಅರ್ಧ ಕುಡದ.
ಉಳದದ್ದು ಮೊದಲಿನಂಗ ಬಾಗಿಲಾಚೆ ಚೆಲ್ಲಲಿಲ್ಲ,
ತಂಬಿಗಿ ಕೈಯಾಗ ಹಿಡಕೊಂಡು
ಅಕ್ಷರದ ಖಾನಿಗಳ ನಡುವ
ಎಲ್ಲಿಡಲಿ ಅಂತ ಹೊತ್ತು ಹುಡುಕಿದ.