ಬಾವಲಿ ಬೀಜ

ಬಗ್ಗಿ ಹೋಗಬೇಕು. ಮೊದಲ ಹದಿನೆಂಟು ಕೋಲು
ಮುರಕಲ್ಲು, ಆಮೇಲೆ ಜೇಡಿ.
ಚನಿಯಾರ ಪಿಕಾಸಿಯ ಗುರುತು ಗೋಡೆಯಲ್ಲಿ ಇನ್ನೂ ಉಂಟು,
ಮೀನಿನ ಹುರುಪೆಯ ಹಾಗೆ, ಒಂದರ ಮೇಲೊಂದು.
ಗಾಳಿ ಸಾಲದಿದ್ದರೆ ಮೊಂಬತ್ತಿ ಮೊದಲು ಹೇಳುತ್ತದೆ,
ಆಮೇಲೆ ಎದೆ.

ನೀರು ಕಾಲ್ಬೆರಳ ಸಂದಿಯಲ್ಲಿ ಸದ್ದಿಲ್ಲದೆ
ಬೀಫಾತುಮ್ಮನ ಅಂಗಳದ ಟಾಂಕಿಗೆ ನಡೆಯುತ್ತದೆ,
ಅಲ್ಲಿಂದ ನಮ್ಮ ಕೊಡಪಾನಕ್ಕೆ.
ಮೇಲೆ, ತಲೆಗೆ ತಾಗುವಷ್ಟು ಹತ್ತಿರ,
ಅಟ್ಟದಲ್ಲಿ ಒಣಗಿದ ಪುನರ್ಪುಳಿ ಸಿಪ್ಪೆಯಂತೆ
ನೂರೋ ಇನ್ನೂರೋ ಬಾವಲಿ.
ಸಿಪ್ಪೆಗೆ ಕಣ್ಣುಂಟು.

ಕೆಳಗೆ ಹಿಕ್ಕೆ. ಹಿಕ್ಕೆಯ ಮೇಲೆ
ಮೈಗಿಂತ ಮೀಸೆಯೇ ಉದ್ದದ ಮಿಡತೆ,
ಮಿಡತೆಗೆ ಕಾದು ಕೂತ ಕಪ್ಪೆ,
ಕಪ್ಪೆಯ ಹಾದಿಯಲ್ಲಿ ಒಮ್ಮೊಮ್ಮೆ ಒಂದು ನೀರೊಳ್ಳೆ.
ಇಷ್ಟು ಜನಕ್ಕೂ ಬಿಸಿಲು ಕಂಡ ಅನ್ನ
ಒಂದೇ ದಾರಿಯಿಂದ ಬರುವುದು: ರೆಕ್ಕೆಯ ಮೇಲೆ, ರಾತ್ರಿ.

ಮತ್ತೆ, ಬೀಜ.
ಹಣ್ಣು ಹೀರಿ ಬಿಟ್ಟ ಗೇರುಬೀಜ.
ಪೆರ್ಲದ ಹಣ್ಣೋ, ಗಡಿ ದಾಟಿ ಅಡ್ಯನಡ್ಕದ್ದೋ,
ಅದಕ್ಕೆ ಚೆಕ್‌ಪೋಸ್ಟ್ ಇಲ್ಲ.
ಬಾವಲಿಗೆ ರಸ ಸಾಕು, ಬೀಜದ ಸೋನೆ ಬಾಯಿ ಸುಡುತ್ತದೆ.
ಅದರ ಲೆಕ್ಕದಲ್ಲಿ ಕಸ,
ಅಮ್ಮನ ಲೆಕ್ಕದಲ್ಲಿ ನನ್ನ ಏಳನೇ ಕ್ಲಾಸಿನ ಪುಸ್ತಕ.
ಮಾರ್ಚಿನಲ್ಲಿ ಬೆಳಕು ಹರಿಯುವ ಮುಂಚೆ
ಸುರಂಗದ ಬಾಯಿಯಲ್ಲಿ ತಡಕುತ್ತಿದ್ದೆವು.
ಬೇಲಿಯೊಳಗೆ ಉದುರಿದ್ದು ಬೇಲಿಯವರದ್ದು,
ಬಾವಲಿ ತಂದದ್ದು ಹೆಕ್ಕಿದವರದ್ದು.
ಯಾವ ರಿಜಿಸ್ಟ್ರಿಯಲ್ಲೂ ಬರೆದಿಲ್ಲ. ಬೀಫಾತುಮ್ಮನಿಗೂ ನಮಗೂ
ಇದರ ಮೇಲೆ ಜಗಳವಾದದ್ದು ಒಂದೇ ಸಲ.

ನಡುವೆ ಕೆಲವು ವರ್ಷ ಹೆಲಿಕಾಪ್ಟರ್ ಬಂತು.
ಗುಡ್ಡೆಯ ಗೇರುತೋಟದ ಮೇಲೆ ತಗ್ಗಿ ಹಾರಿ
ಮಳೆಯಲ್ಲದ ಮಳೆ ಹೊಯ್ದು ಹೋಗುತ್ತಿತ್ತು.
ಬಾವಿ ಮುಚ್ಚಿಡಿ ಅಂದರು. ಸುರಂಗವನ್ನು ಹೇಗೆ ಮುಚ್ಚುವುದು?
ಅದರ ಬಾಯಿ ಇಲ್ಲಿ, ಅದು ಕುಡಿಯುವುದು ಇಡೀ ಗುಡ್ಡೆಯಿಂದ.
ಆಮೇಲೆ ಜೇನಿಲ್ಲ, ಕಪ್ಪೆ ಇಲ್ಲ,
ಒಳಗೆ ಹೋದರೆ ನಮ್ಮ ಕೆಮ್ಮು ನಮಗೇ ವಾಪಸು.
ಆ ಮನೆಗಳ ಮಕ್ಕಳ ಬಗ್ಗೆ ಇಲ್ಲಿ ಬರೆಯುವುದಿಲ್ಲ.
ಅವರಿಗೆ ಹೆಸರುಂಟು. ಅವರು ಹೋಲಿಕೆಗಳಲ್ಲ.

ಬಾವಲಿ ತಿರುಗಿ ಬಂದದ್ದನ್ನು ಯಾರೂ ನೋಡಲಿಲ್ಲ.
ಒಂದು ದಿನ ಟಾಂಕಿ ತಿಕ್ಕುವಾಗ ಹಿಕ್ಕೆ ಕಂಡು
ಬೀಫಾತುಮ್ಮ ಬೈದರು, ಬಾಯಿತುಂಬ, ಬ್ಯಾರಿಯಲ್ಲಿ.
ಅಷ್ಟು ಖುಷಿಯ ಬೈಗುಳ ನಾನು ಮತ್ತೆ ಕೇಳಿಲ್ಲ.

ಈಗ ತೆಂಕಲ ಜಿಲ್ಲೆಯಲ್ಲಿ ಜ್ವರ. ಟಿವಿಯಲ್ಲಿ ಬಾವಲಿಯ ಮುಖ.
ಪಂಚಾಯತಿನ ಹುಡುಗ ನೈಲಾನ್ ಬಲೆ ತಂದು
ಹಾಡುಹಗಲು ಸುರಂಗದ ಬಾಯಿಗೆ ಮೊಳೆ ಹೊಡೆದ.
ಅವನನ್ನು ಅಂದು ಫಲವಿಲ್ಲ, ಮನೆಯಲ್ಲಿ ಎಂಟು ತಿಂಗಳ ಕೂಸು.
ಮುಸ್ಸಂಜೆಗೆ ಒಳಗಿಂದ ಬಲೆ ಉಬ್ಬಿತು,
ತಗ್ಗಿತು, ಉಬ್ಬಿತು.

ಚನಿಯಾರು ಕೋಲೂರಿ ಬಂದರು.
ಮೊಳೆ ಕಿತ್ತರು, ನಾಲ್ಕೂ.
ಕತ್ತಲೆ ಒಮ್ಮೆ ಅವರ ಕಿವಿ ಸವರಿ ಹೊರಗೆ ಹೋಯಿತು.
ಅದೇ ಬಲೆಯನ್ನು ಎರಡು ಪದರ ಮಡಚಿ
ಟಾಂಕಿಯ ಮೇಲೆ ಬಿಗಿದು ಕಟ್ಟಿದರು.
"ಒರತೆಯ ಬುಡದಿಂದ ಪೈಪು ಇಡುವ. ನೀರು ಕುದಿಸಿ ಕುಡಿ.
ಕಚ್ಚಿದ ಹಣ್ಣು ಮುಟ್ಟಬೇಡ," ಅಂದರು ಹುಡುಗನಿಗೆ.
"ಅವು ಬಂದು ಹೋಗಲಿ." ಬೀಡಿ ಹಚ್ಚಿದರು.

ಪೈಪಿನ ತುದಿ ಹಿಡಿದು ಒಳಗೆ ಹೋದವಳು ನಾನು.
ಹಿಕ್ಕೆಯ ರಾಶಿಯಲ್ಲಿ ಆರೇಳು ಗೇರುಸಸಿ.
ಹಸಿರೇ ಇಲ್ಲ. ಬಿಳಿ. ಎಲ್ಲವೂ
ಬಾಯಿಯ ಕಡೆಗೆ ಬಾಗಿ,
ಬೀಜದೊಳಗಿನ ಬುತ್ತಿ ಮುಗಿಯುವ ತನಕ
ನಡೆದಷ್ಟು ದೂರ ನಡೆದಿದ್ದವು.

ಒಂದನ್ನು ಬೇರು ಸಮೇತ ಎಬ್ಬಿಸಿ ತಂದು
ಹಾಲುಪುಡಿಯ ಹಳೇ ಡಬ್ಬಿಯಲ್ಲಿ ನೆರಳಿಗಿಟ್ಟೆ.
ಮೂರು ದಿನ ಹಾಗೆಯೇ ಇತ್ತು. ನಾಲ್ಕನೇ ದಿನ
ಎಲೆಯ ನರದಲ್ಲಿ ಸಂಶಯದಷ್ಟು ಹಸಿರು.

ಉಳಿದವನ್ನು ಕೀಳಲಿಲ್ಲ.
ಮಿಡತೆ ತಿನ್ನಲಿಕ್ಕೆ ಸುರು ಮಾಡಿ ಆಗಿತ್ತು.